ತೋಳದ ಹೆಜ್ಜೆ

ಲ್ಯಾಟಿನ್ ಭಾಷೆಯಲ್ಲಿ 'ಲೂಪಸ್' ಎಂದರೆ ತೋಳ. ಮುಖವನ್ನು ಕಚ್ಚಿ ತಿಂದಂತೆ ಕಾಣುವ ಹುಣ್ಣುಗಳಿಗೆ ಹಿಂದಿನವರು ಇಟ್ಟ ಈ ಹೆಸರು ಇಂದು ಇಡಿಯ ಶರೀರವನ್ನು ಕಾಡುವ ಒಂದು ವ್ಯಾಧಿಗೆ ಸಲ್ಲುತ್ತಿದೆ. ಶರೀರವನ್ನು ಕಾಯಬೇಕಾದ ಶಕ್ತಿಯೇ ಶರೀರದ ಮೇಲೆ ತಿರುಗಿಬೀಳುವುದು ಇದರ ಸ್ವಭಾವ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ. ರೋಗಿಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಂದಿ ಸ್ತ್ರೀಯರು. ಅದರಲ್ಲಿಯೂ ಹೆಚ್ಚಿನವರು ತರುಣಿಯರು.

ಕೀಲುನೋವು, ಜ್ವರ, ಕೆನ್ನೆಯ ಕೆಂಪು ಇವು ಮನೆಯವರ ಕಣ್ಣಿಗೆ ಬೀಳುತ್ತವೆ. ಮೂತ್ರಪಿಂಡಕ್ಕೆ ತಗಲಿದ ಪೆಟ್ಟಾದರೋ ಮೊದಮೊದಲು ಕಾಣುವುದಿಲ್ಲ, ನೋವೂ ಇರುವುದಿಲ್ಲ. ಮುಖ ಬಾತು ಕಾಲು ಊದುವ ವೇಳೆಗೆ ಹಾನಿ ಬಹುದೂರ ಸಾಗಿರಬಹುದು. ಆದುದರಿಂದಲೇ, ರೋಗಿ ನೆಮ್ಮದಿಯಾಗಿರುವ ದಿನಗಳಲ್ಲಿಯೂ ಮೂತ್ರಪರೀಕ್ಷೆ ತಪ್ಪಬಾರದು.

ಈ ಪರೀಕ್ಷೆಯ ತತ್ತ್ವ ಹಳೆಯದು. ಮೈ ಊದಿದ ರೋಗಿಗಳ ಮೂತ್ರ ಕಾಯಿಸಿದಾಗ ಹೆಪ್ಪುಗಟ್ಟುವುದಕ್ಕೂ ಅವರ ಮೂತ್ರಪಿಂಡ ಕೆಟ್ಟಿರುವುದಕ್ಕೂ ಇರುವ ಸಂಬಂಧವನ್ನು ಲಂಡನ್ನಿನ ಗೈಸ್ ಆಸ್ಪತ್ರೆಯ ವೈದ್ಯ ರಿಚರ್ಡ್ ಬ್ರೈಟ್ 1827ರಲ್ಲಿ ಪ್ರಕಟಿಸಿದನು. ಅವನಿಗೆ ಬೇಕಾದ ಸಲಕರಣೆ ಒಂದು ಚಮಚ, ಒಂದು ಮೇಣದಬತ್ತಿ. ಹೆಪ್ಪುಗಟ್ಟುತ್ತಿದ್ದುದು ಪ್ರೋಟೀನು. ಮೂತ್ರಪಿಂಡದ ಜರಡಿ ನೆಟ್ಟಗಿದ್ದರೆ ಅದು ರಕ್ತದಲ್ಲಿಯೇ ಉಳಿಯುವುದು. ಜರಡಿ ಹರಿದರೆ ಮೂತ್ರಕ್ಕೆ ಸೋರುವುದು.

ಇಂದು ಚಮಚದ ಬದಲು ಬಣ್ಣ ಬದಲಿಸುವ ಪಟ್ಟಿಯಿದೆ. ಇಡೀ ದಿನದ ಮೂತ್ರವನ್ನು ಕೂಡಿಡದೆ, ಒಂದೇ ಸಲದ ಮೂತ್ರದಲ್ಲಿ ಪ್ರೋಟೀನು ಮತ್ತು ಕ್ರಿಯಾಟಿನೈನ್‌ಗಳ ಪ್ರಮಾಣವನ್ನು ಹೋಲಿಸಿ ಸೋರಿಕೆಯನ್ನು ಅಂದಾಜು ಮಾಡಬಹುದು. ಅದು ದಿನಕ್ಕೆ ಅರ್ಧ ಗ್ರಾಮನ್ನು ಮುಟ್ಟಿದರೆ ವೈದ್ಯರು ಎಚ್ಚರಗೊಳ್ಳುತ್ತಾರೆ. ಸೂಕ್ಷ್ಮದರ್ಶಕದಲ್ಲಿ ಕೆಂಪು ರಕ್ತಕಣಗಳು ಕಂಡರೆ ಸಂಶಯ ಬಲಿಯುತ್ತದೆ. ರಕ್ತದಲ್ಲಿ ಸಿ3, ಸಿ4 ಎಂಬ ಅಂಶಗಳು ತಗ್ಗುವುದೂ, ಡಿಎನ್‌ಎಗೆ ಎದುರಾದ ಪ್ರತಿಕಾಯಗಳು ಏರುವುದೂ ಮುನ್ಸೂಚನೆಗಳೇ.

ಹಾಗಾದರೆ ಸೂಜಿ ಚುಚ್ಚಿ ಮೂತ್ರಪಿಂಡದ ತುಣುಕನ್ನು ತೆಗೆಯುವುದೇತಕ್ಕೆ? ಪ್ರೋಟೀನು ಹೊಸ ಉರಿಯೂತದಿಂದಲೂ ಸೋರೀತು, ಹಳೆಯ ಗಾಯದ ಕಲೆಯಿಂದಲೂ ಸೋರೀತು. ಮೊದಲನೆಯದಕ್ಕೆ ತೀವ್ರವಾದ ಔಷಧ ಬೇಕು. ಎರಡನೆಯದಕ್ಕೆ ಅದೇ ಔಷಧ ವ್ಯರ್ಥ, ಅಪಾಯಕರ. ಈ ಭೇದವನ್ನು ಮೂತ್ರದಲ್ಲಿಯೇ ಗುರುತಿಸಬಲ್ಲ ವಸ್ತುಗಳನ್ನು ವಿಜ್ಞಾನಿಗಳು ಅರಸುತ್ತಿದ್ದಾರೆ. ಸೂಜಿಯನ್ನು ಪೂರ್ತಿಯಾಗಿ ಬದಿಗಿಡುವ ಕಾಲ ಇನ್ನೂ ಬಂದಿಲ್ಲ. ತೋಳ ಬಂದಿದೆಯೆಂದು ಮೂತ್ರ ಹೇಳುತ್ತದೆ. ಅದು ಮಾಡಿದ ಹಾನಿ ಎಂಥದೆಂದು ಸೂಜಿ ಹೇಳುತ್ತದೆ.

ಆದರೆ ಮೊದಲ ಸುದ್ದಿಯೇ ತಲಪದಿದ್ದರೆ ಎರಡನೆಯದಕ್ಕೆ ಅವಕಾಶವೆಲ್ಲಿ? ಮೂತ್ರದ ಸೀಸೆಯನ್ನು ಸೆರಗಿನಲ್ಲಿ ಮರೆಸಿಕೊಂಡು ಹೋಗಲು ನಾಚಿ, 'ಈಗ ಮೈ ಹಗುರವಾಗಿದೆ, ಮುಂದಿನ ತಿಂಗಳು ನೋಡೋಣ' ಎನ್ನುವ ಹೆಣ್ಣುಮಕ್ಕಳು ಉಂಟು. ಸಂಕೋಚವೇಕೆ? ನೊರೆ ಹೆಚ್ಚಾಗಿದ್ದರೆ ಅದನ್ನು ಹೇಳಬೇಕು. ಮುಟ್ಟಿನ ದಿನಗಳಾಗಿದ್ದರೆ ಅದನ್ನೂ ತಿಳಿಸಬೇಕು, ಇಲ್ಲವಾದರೆ ಆ ರಕ್ತವೇ ಪರೀಕ್ಷೆಯ ದಿಕ್ಕು ತಪ್ಪಿಸೀತು. ವೈದ್ಯರು ಗೊತ್ತುಮಾಡಿದ ದಿನವನ್ನು ನೆನಪಿಸುವ ಕೆಲಸ ರೋಗಿಯದೊಂದೇ ಅಲ್ಲ, ಮನೆಯವರೆಲ್ಲರದು.