ರೋಗಿಯ ಗುಟ್ಟು ಮತ್ತು ಕಾಗದದ ಕಾವಲು

ಮನೆಯವರೊಡನೆಯೂ ಆಡದ ಮಾತನ್ನು ರೋಗಿಯು ವೈದ್ಯರ ಮುಂದೆ ಆಡುತ್ತಾನೆ. ಆ ಮಾತು ಹೊರರೋಗಿ ಚೀಟಿ, ಕೇಸ್ ಶೀಟು, ರಕ್ತಪರೀಕ್ಷೆಯ ವರದಿಗಳಲ್ಲಿ ಅಕ್ಷರವಾಗಿ ಉಳಿಯುತ್ತದೆ. ಆ ಕಾಗದಗಳನ್ನು ಕಾಯುವವರಾರು?

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳಂತಹ ಊರುಗಳಲ್ಲಿ ಈ ಪ್ರಶ್ನೆ ಮಹಾನಗರಗಳಲ್ಲಿಗಿಂತ ಗಂಭೀರವಾದುದು. ಇಲ್ಲಿ ಹೆಸರು ಕಂಡರೆ ಸಾಕು, ಮನೆತನವೇ ತಿಳಿಯುತ್ತದೆ. ವರದಿಗಳನ್ನೆಲ್ಲ ಮೇಜಿನ ಮೇಲೆ ರಾಶಿ ಹಾಕಿ, 'ನಿಮ್ಮದನ್ನು ಹುಡುಕಿಕೊಳ್ಳಿ' ಎಂದರೆ ಕ್ಷಯವೋ, ಎಚ್.ಐ.ವಿ.ಯೋ, ಮನೋರೋಗವೋ ಸಂಜೆಯೊಳಗೆ ಓಣಿಯ ಸುದ್ದಿಯಾದೀತು. ಕೂಡಿಬಂದ ಸಂಬಂಧ ಮುರಿದೀತು. ಇದಕ್ಕೆ ಅಂಜಿದವನು ಹುಬ್ಬಳ್ಳಿಗೋ ದಾವಣಗೆರೆಗೋ ಹೋದಾನು. ಅದಕ್ಕೂ ಶಕ್ತಿಯಿಲ್ಲದ ಬಡವನು ರೋಗವನ್ನೇ ಮುಚ್ಚಿಟ್ಟುಕೊಂಡಾನು.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. ರೋಗಿಯ ಗುಟ್ಟನ್ನು ವೈದ್ಯರು ಹೊರಗೆಡಹಬಾರದೆಂದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಗಳು ವಿಧಿಸಿವೆ. ನ್ಯಾಯಾಲಯದ ಆದೇಶ, ಇತರರ ಪ್ರಾಣಕ್ಕೆ ಗಂಭೀರ ಅಪಾಯ ಮುಂತಾದ ಸಂದರ್ಭಗಳಿಗೆ ಮಾತ್ರ ವಿನಾಯಿತಿಯುಂಟು. ಒಳರೋಗಿಗಳ ದಾಖಲೆಗಳನ್ನು 3 ವರ್ಷ ಕಾಪಾಡಬೇಕು. ರೋಗಿ ಕೇಳಿದಾಗ 72 ಗಂಟೆಗಳೊಳಗೆ ಕೊಡಬೇಕು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಸಲ್ಲಿಸಿದ್ದ ಅರ್ಜಿಯ ಮೇಲೆ 2017ರಲ್ಲಿ ಸರ್ವೋಚ್ಚ ನ್ಯಾಯಾಲಯವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಗಣಕಯಂತ್ರಕ್ಕೆ ಸೇರಿದ ಮಾಹಿತಿಗೆ ಮಾತ್ರ ಅನ್ವಯಿಸುತ್ತದೆ. ಕಪಾಟಿನಲ್ಲಿಯೇ ಉಳಿದ ಕಾಗದಕ್ಕೆ ಆ ರಕ್ಷಣೆಯಿಲ್ಲ. ಆದುದರಿಂದ ಅದನ್ನು ಕಾಯುವ ಹೊಣೆ ಆಸ್ಪತ್ರೆಯ ಶಿಸ್ತಿನ ಮೇಲೆಯೇ ಹೆಚ್ಚಾಗಿ ಬೀಳುತ್ತದೆ.

ಇದಕ್ಕೆ ದೊಡ್ಡ ವೆಚ್ಚವೇನೂ ಬೇಕಿಲ್ಲ. ದಾಖಲೆ ಕೊಠಡಿಗೆ ಬೀಗವಿರಲಿ. ಕಡತ ಒಯ್ದವರ ಹೆಸರು ಪುಸ್ತಕದಲ್ಲಿ ದಾಖಲಾಗಲಿ. ವರದಿಯನ್ನು ಲಕೋಟೆಯಲ್ಲಿಟ್ಟು ಸಂಬಂಧಪಟ್ಟವರ ಕೈಗೇ ಕೊಡಲಿ. ಅವಧಿ ಮುಗಿದ ಕಾಗದಗಳು ರದ್ದಿ ಅಂಗಡಿ ಸೇರಿ ಶೇಂಗಾ ಪೊಟ್ಟಣವಾಗದಂತೆ ಚೂರುಚೂರು ಮಾಡಿ ನಾಶಪಡಿಸಲಿ.

ಕುಟುಂಬಗಳಿಗೂ ಇಲ್ಲಿ ಕರ್ತವ್ಯವಿದೆ. ನಮ್ಮ ಮಕ್ಕಳಲ್ಲಿ ದಾದಿಯರಾಗಿ, ಪ್ರಯೋಗಾಲಯದ ಸಿಬ್ಬಂದಿಯಾಗಿ ದುಡಿಯುವವರಿದ್ದಾರೆ. ಮನೆಗೆ ಬಂದ ಅವರನ್ನು 'ಇಂಥವರಿಗೆ ಏನಾಗಿದೆ?' ಎಂದು ಕೇಳದಿರೋಣ. ರೋಗಿಯನ್ನು ಕಾಣಲು ಹೋದಾಗ ಮಂಚಕ್ಕೆ ತೂಗುಹಾಕಿದ ಪಟ್ಟಿಯನ್ನು ತಿರುವಿ ನೋಡದಿರೋಣ. ಪೂಜೆಯಲ್ಲಿ ಅಸ್ವಸ್ಥರಿಗಾಗಿ ಪ್ರಾರ್ಥಿಸುವಾಗ ಹೆಸರು ಹೇಳಿದರೆ ಸಾಕು. ರೋಗದ ವಿವರ ದೇವರಿಗೆ ತಿಳಿದೇ ಇದೆ.