ಪೆರೋಲ್ ಅರ್ಜಿಗೂ ವಕೀಲರು ಬೇಕು

ಪೆರೋಲ್ ಅಂದ್ರೆ ನಮಗೆ ಸಿನಿಮಾ ಸೀನ್ ಅಷ್ಟೇ. ನೀಲಗುಂದದಂಥ ಊರಿನ ಮನೆಗೆ ಅದು ಬಿತ್ತನೆ, ಅಮ್ಮನ ಆಪರೇಷನ್.

2024ರಲ್ಲಿ ಕೊಲೆ ಕೇಸಿನ ಕೈದಿಯೊಬ್ಬರಿಗೆ ಜಮೀನು ನೋಡಿಕೊಳ್ಳಲು ನಮ್ಮ ಹೈಕೋರ್ಟ್ 90 ದಿನ ಪೆರೋಲ್ ಕೊಟ್ಟಿತು. ಅದಕ್ಕೂ ಮೊದಲು ಜೈಲಿನವರು ಅರ್ಜಿ ತಿರಸ್ಕರಿಸಿದ್ದರು. ಕೋರ್ಟಿನವರೆಗೆ ಹೋಗೋಕೆ ವಕೀಲರು ಬೇಕು. ಅರ್ಜಿಗೆ ಪಹಣಿ, ಆಸ್ಪತ್ರೆ ಚೀಟಿ ಜೋಡಿಸಿ ಅಂತ ಹೇಳೋಕೂ ಬೇಕು.

ದುಡ್ಡಿಲ್ಲ ಅಂತ ಸುಮ್ಮನಾಗಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಜೈಲಲ್ಲಿರುವವರಿಗೆ, ಆದಾಯ ಎಷ್ಟೇ ಇರಲಿ, ವಕೀಲರು ಉಚಿತ. ಸಹಾಯವಾಣಿ 15100.

ತಪ್ಪು ಮಾಡಿದವರಿಗೆ ಇದೆಲ್ಲ ಯಾಕೆ ಅಂತೀರಾ? ಶಿಕ್ಷೆ ಆಗಿರೋದು ಅವರಿಗೆ, ಮನೆಯವರಿಗಲ್ಲ. ರಜೆಗೆ ಊರಿಗೆ ಹೋದಾಗ ಈ ನಂಬರ್ ನಾಲ್ಕು ಜನಕ್ಕೆ ಹೇಳೋಣ.