ಯಂತ್ರದೊಳಗಿನ ಮನುಷ್ಯ

ಮಕ್ಕಳು ಮೆಚ್ಚಿದುದನ್ನು ಹಿರಿಯರೂ ಒಮ್ಮೆ ನೋಡುವುದು ಲೇಸೆಂದು ನಾವು ಹೇಳುತ್ತಲೇ ಬಂದಿದ್ದೇವೆ. ಜಪಾನಿನಲ್ಲಿ 1979ರಲ್ಲಿ ತೊಡಗಿದ ‘ಮೊಬೈಲ್ ಸೂಟ್ ಗುಂಡಮ್’ ಎಂಬ ಚಿತ್ರಮಾಲೆ ಇದಕ್ಕೊಂದು ನಿದರ್ಶನ. ಅದರಲ್ಲಿ 18 ಮೀಟರ್ ಎತ್ತರದ ಯಂತ್ರದೈತ್ಯನನ್ನು ನಡೆಸುವವನು 15 ವರ್ಷದ ಬಾಲಕ ಅಮುರೊ. ಆಟಿಕೆಯ ವರ್ತಕರ ಹಣದಿಂದ ನಡೆದ ಮಾಲೆಯಾದರೂ ನಿರ್ದೇಶಕ ಯೋಶಿಯುಕಿ ತೊಮಿನೊ ಅವರು ಶತ್ರುಗಳನ್ನು ರಾಕ್ಷಸರನ್ನಾಗಿಸಲಿಲ್ಲ. ಅವರೂ ಮನೆಮಠವುಳ್ಳ ಮನುಷ್ಯರೇ. ಕಾದಿ ಬಳಲಿದ ಬಾಲಕನು ಇನ್ನು ಯಂತ್ರವನ್ನೇರಲೊಲ್ಲೆನೆಂದು ಹಟಹಿಡಿಯುವುದೂ ಉಂಟು. ಮೊದಲಲ್ಲಿ ನೋಡುವವರು ವಿರಳ. 52 ಕಂತುಗಳೆಂದು ಯೋಚಿಸಿದ್ದುದು 43ಕ್ಕೇ ನಿಂತಿತು. ಮರುಪ್ರಸಾರವೂ, 1980ರಲ್ಲಿ ಬಂಡೈ ಸಂಸ್ಥೆಯವರು ಹೊರತಂದ ಜೋಡಿಸುವ ಬೊಂಬೆಗಳೂ ಅದಕ್ಕೆ ಮರುಜೀವವನ್ನಿತ್ತವು. ಯಂತ್ರದ ಆರ್ಭಟಕ್ಕೆ ಬೆರಗಾಗುವ ಮಗುವನ್ನು ಗದರಿಸಬೇಡಿರಿ, “ಎದುರು ಯಂತ್ರದೊಳಗೆ ಇರುವವರಾರು?” ಎಂದು ಕೇಳಿರಿ. ಉತ್ತರವನ್ನು ಅದೇ ಕಂಡುಕೊಳ್ಳಲಿ.